ಮಗ್ಗ ನಿಲ್ಲುವ ಹೊತ್ತು

ನಮ್ಮ ಮನೆಯಲ್ಲಿ ಮಾತಾಡುವುದೆಂದರೆ ಕೂಗುವುದು. ಹೊಸಬರು ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲಿ ಪಾಲಿನ ಜಗಳ ನಡೆದಿದೆ ಎಂದೇ ತಿಳಿಯುತ್ತಿದ್ದರು. ಒಳಗೆ ನಾವು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳೆಂದು ಒಬ್ಬರಿಗೊಬ್ಬರು ಒತ್ತಾಯ ಮಾಡುತ್ತಿರುತ್ತಿದ್ದೆವು. ಬನಹಟ್ಟಿಯ ನಮ್ಮ ಓಣಿಯ ಮನೆಗಳೆಲ್ಲ ಹೀಗೆಯೇ. ಮುಂದಿನ ಅರ್ಧ ಮಗ್ಗಕ್ಕೆ, ಹಿಂದಿನ ಅರ್ಧ ಮನುಷ್ಯರಿಗೆ. ನಮ್ಮಲ್ಲಿ ನಾಲ್ಕು ಕರೆಂಟಿನ ಮಗ್ಗಗಳಿದ್ದವು. ಅವು ಓಡುವಾಗ ಅಡುಗೆಮನೆಯ ಮಾಡದಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ತಾವೇ ಅಂಚಿಗೆ ಸರಿದು ಬರುತ್ತಿದ್ದವು. ಅವ್ವ ರೊಟ್ಟಿ ಬಡಿಯುತ್ತಲೇ ಎಡಗೈಯಿಂದ ಅವನ್ನು ಹಿಂದಕ್ಕೆ ದೂಡುತ್ತಿದ್ದಳು. ತೊಟ್ಟಿಲ ಕೂಸುಗಳು ಆ ಸದ್ದಿಗೇ ಮಲಗುತ್ತಿದ್ದವು. ಸದ್ದು ನಿಂತರೆ ಎಚ್ಚರಾಗಿ ಅಳುತ್ತಿದ್ದವು. ಮುಂದೆ ನಾನು ಧಾರವಾಡದ ಹಾಸ್ಟೆಲಿಗೆ ಹೋದಾಗ ಕೋಣೆಯ ಹುಡುಗಿಯರು ಮೊದಲ ವಾರ ನನ್ನೊಡನೆ ಮಾತೇ ಆಡಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ನೀನು ಬಂದಾಗಿನಿಂದ ನಮ್ಮನ್ನು ಬೈಯುತ್ತಿದ್ದೀಯಲ್ಲ ಎಂದರು. ನಾನು ಅವರಿಗೆ ಸೋಪು ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿದ್ದೆ. ಇಂದಿಗೂ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನವರಿಗೆ ಪಾಠ ಕೇಳಿಸುವುದಿಲ್ಲ ಎಂಬ ದೂರು ಬಂದದ್ದಿಲ್ಲ.

ಇಡೀ ಮನೆಯಲ್ಲಿ ಮೆಲ್ಲಗೆ ಮಾತಾಡುವವಳು ಒಬ್ಬಳೇ, ನಮ್ಮಪ್ಪನ ತಾಯಿ, ಆಯಿ. ಆಕೆ ಕೂಗುತ್ತಿರಲಿಲ್ಲ. ಹತ್ತಿರ ಬಂದು, ಮುಖ ನೋಡಿ ಹೇಳುತ್ತಿದ್ದಳು. ಅದಕ್ಕೇ ಆಕೆಯ ಮಾತು ಮೀರುವುದು ಕಷ್ಟವಾಗುತ್ತಿತ್ತು. ಆಕೆಯದೊಂದು ಕಟ್ಟಳೆಯಿತ್ತು. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ, ಸಂಜೆ ದೀಪ ಹಚ್ಚುವಾಗ, ನಾಲ್ಕೂ ಮಗ್ಗ ನಿಲ್ಲಬೇಕು. ಲಕ್ಷ್ಮಿ ಬರುವ ಹೊತ್ತು ಅದು, ಆ ಹೊತ್ತಿನಲ್ಲಿ ಮನೆಯಲ್ಲಿ ಖಟಖಟ ಇರಬಾರದು ಎನ್ನುತ್ತಿದ್ದಳು. ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಈ ಪದ್ಧತಿ ಇರಲಿಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ಇದಕ್ಕೆ ಒಳಗೊಳಗೇ ಗೊಣಗುತ್ತಿದ್ದ. ಲಕ್ಷ್ಮಿ ಉಳಿದವರ ಮನೆಗೆ ಮಗ್ಗ ಓಡುವಾಗಲೇ ಬರುತ್ತಾಳೆ, ನಮ್ಮ ಮನೆಗೆ ಬಂದಾಗ ಮಾತ್ರ ಆಕೆಗೆ ಕಿವಿನೋವು ಎನ್ನುತ್ತಿದ್ದ. ಆದರೂ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ನಿಲ್ಲಿಸುತ್ತಿದ್ದ. ಆಯಿ ದೀಪ ಹಚ್ಚಿ, ಕೈಮುಗಿದು, ಚರಿಗೆ ಹಿಡಿದು ಹಿತ್ತಲಿಗೆ ಹೋಗಿ ಎಮ್ಮೆ ಹಿಂಡಿಕೊಂಡು ಬಂದ ಮೇಲೆ ಮಗ್ಗ ಮತ್ತೆ ಶುರುವಾಗುತ್ತಿದ್ದವು.

ಎಮ್ಮೆಯ ಹೆಸರು ಬೆಳ್ಳಿ. ಬಾಣಲೆಯ ತಳದಷ್ಟು ಕಪ್ಪಗಿದ್ದ ಎಮ್ಮೆಗೆ ಆ ಹೆಸರಿಟ್ಟವಳು ಆಯಿಯೇ. ಹಿತ್ತಲಲ್ಲಿ ತಗಡಿನ ಚಪ್ಪರ, ಮೇವು ಹಾಕುವ ಕಲ್ಲಿನ ಗ್ವಾದಲಿ, ಅದರ ಪಕ್ಕದಲ್ಲಿ ಆಯಿ ಕೂರುವ ಒಂದು ಚಿಕ್ಕ ಮಣೆ. ಆ ಸಲ ಬೆಳ್ಳಿ ಈದ ಕರು ಉಳಿಯಲಿಲ್ಲ. ಕರುವಿಲ್ಲದ ಎಮ್ಮೆ ಹಾಲು ಇಳಿಸುವುದು ಕಷ್ಟ. ಅದು ಹಾಲನ್ನು ಮೇಲಕ್ಕೆ ಹಿಡಿದುಕೊಂಡು ನಿಂತುಬಿಡುತ್ತದೆ, ಕೆಚ್ಚಲು ಎಷ್ಟು ಹಿಂಡಿದರೂ ಬರಿಗೈ. ಓಣಿಯವರೆಲ್ಲ ಈ ಎಮ್ಮೆಯ ಹಯನ ಮುಗಿಯಿತು ಎಂದರು. ಆಯಿ ಮಣೆ ಹಾಕಿಕೊಂಡು ಕೂತಳು. ಏನು ಮಾಡಿದಳೋ, ಬೆಳ್ಳಿ ಆಕೆಗೆ ಹಾಲು ಕೊಟ್ಟಿತು. ಬೇರೆಯವರಿಗೆ ಕೊಡಲಿಲ್ಲ. ಒಮ್ಮೆ ಅವ್ವ, ಒಮ್ಮೆ ಪಕ್ಕದ ಮನೆಯವರು ಹಗಲಿನಲ್ಲಿ ಸುಮ್ಮನೆ ಪರೀಕ್ಷೆಗೆಂದು ಕೂತು ಒದೆಸಿಕೊಂಡು ಎದ್ದಿದ್ದರು. ಅಲ್ಲಿಂದ ಮುಂದೆ ಬೆಳ್ಳಿ ಆಯಿಯ ಎಮ್ಮೆ, ಆಯಿ ಬೆಳ್ಳಿಯ ಆಯಿ ಎಂದಾಯಿತು. ಆಯಿಗೆ ಈ ಮಾತು ಬಹಳ ಹಿತವಾಗಿತ್ತು. ಯಾರಾದರೂ ಅದನ್ನು ಎತ್ತಿದರೆ ಕೇಳಿಸದವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಬೇಸಿಗೆಯ ಒಂದು ಬೆಳಿಗ್ಗೆ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಜಮಖಂಡಿಯಲ್ಲಿ ಪ್ಲಾಸ್ಟರ್ ಹಾಕಿದರು. ಆಸ್ಪತ್ರೆಗೆ ಹತ್ತಿರವೆಂದು, ಎಲುಬು ಕೂಡುವ ತನಕ ಅಲ್ಲಿಯೇ ಅತ್ತೆಯ ಮನೆಯಲ್ಲಿ, ಎಂದರೆ ಆಕೆಯ ಮಗಳ ಮನೆಯಲ್ಲಿ, ಇರಬೇಕೆಂದಾಯಿತು. ಜೀಪಿನಲ್ಲಿ ಮಲಗಿಸುವಾಗ ಆಕೆ ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಪ್ಪನ ಕೈಹಿಡಿದು ಇಷ್ಟೇ ಹೇಳಿದಳು:

"ಬೆಳ್ಳಿನ್ನ ಬತ್ತಿಸಬ್ಯಾಡ್ರಿ. ನಾ ಬರೂತನಾ ಹೆಂಗರ ನಡಸ್ರಿ."

ಆ ಸಂಜೆಯಿಂದಲೇ ಬೆಳ್ಳಿ ಹಾಲು ನಿಲ್ಲಿಸಿತು. ಅವ್ವ ಕೂತರೆ ಬಾಲ ಬೀಸಿ ಮುಖಕ್ಕೆ ಬಡಿಯಿತು. ಕೆಚ್ಚಲು ಬಿಗಿದು ನಿಂತಿತು, ಆದರೆ ಒಂದು ಗುಟುಕೂ ಇಳಿಯಲಿಲ್ಲ. ಮನೆಯ ಊಟದ ರೂಪವೇ ಬದಲಾಯಿತು. ರೊಟ್ಟಿಗೆ ಶೇಂಗಾ ಚಟ್ನಿ ಇತ್ತು, ಅದರ ಮೇಲೆ ಹಾಕಿಕೊಳ್ಳುವ ಗಟ್ಟಿ ಮೊಸರಿರಲಿಲ್ಲ. ಪುಂಡಿಪಲ್ಯದ ಮೇಲೆ ಬೆಣ್ಣೆ ಇರಲಿಲ್ಲ. ಬೆಳಿಗ್ಗೆ ಕರಿ ಚಹಾ ಕುಡಿದು ಕಾಕಾ ಮುಖ ಸೊಟ್ಟ ಮಾಡುತ್ತಿದ್ದ. ಪಕ್ಕದ ಮನೆಯವರು ಇಂಜೆಕ್ಷನ್ ಕೊಡಿಸಿರಿ, ಕೂಡಲೇ ಇಳಿಸುತ್ತದೆ ಎಂದರು. ಆಯಿ ಅದಕ್ಕೆ ಹಿಂದೆಯೇ ಖಡಾಖಂಡಿತ ಬೇಡ ಎಂದಿದ್ದಳು, ಅಪ್ಪ ತಾಯಿಯ ಮಾತು ಮುರಿಯಲಿಲ್ಲ.

ನಮ್ಮ ಕಡೆ ಇದಕ್ಕೊಂದು ಹಳೆಯ ಉಪಾಯವಿದೆ. ಹಿಂಡುವವಳು ಊರಿಗೆ ಹೋದರೆ ಮನೆಯ ಗಂಡಸು ಆಕೆಯ ಸೀರೆ ಸುತ್ತಿಕೊಂಡು ಹೋಗಿ ಹಿಂಡಬೇಕು. ಎಮ್ಮೆ ಸೀರೆ ನೋಡಿ ಮೋಸಹೋಗುತ್ತದೆ ಎಂದು ನಂಬಿಕೆ. ಮೊದಲು ಕಾಕಾ ಹೋದ. ಲುಂಗಿಯ ಮೇಲೆ ಆಯಿಯ ಸೀರೆ ಸುತ್ತಿ, ತಲೆಯ ಮೇಲೆ ಸೆರಗು ಹೊದ್ದು, ಮೀಸೆಯನ್ನು ಸೆರಗಿನಿಂದ ಮುಚ್ಚಿಕೊಂಡು ಆತ ಹಿತ್ತಲಿಗೆ ಇಳಿದಾಗ ಅಕ್ಕಪಕ್ಕದ ಮಾಳಿಗೆಗಳೆಲ್ಲ ತುಂಬಿದ್ದವು. ಬೆಳ್ಳಿ ಆತನನ್ನು ಮೇಲಿನಿಂದ ಕೆಳಗೆ ನೋಡಿ, ಚರಿಗೆ ಒದ್ದು ಉರುಳಿಸಿತು. ಅವ್ವ ನಗುತ್ತಲೇ ಹೇಳಿದಳು:

"ಮಡಚಿಟ್ಟ ಸೀರಿ ಅದು, ಗಂಜಿ ಹಾಕಿದ್ದು. ನಮ್ಮತ್ತಿ ಉಟ್ಟ ಸೀರಿ ಎಲ್ಲಾ ಜಮಖಂಡಿಗೆ ಹೋಗ್ಯಾವು."

ಇಲ್ಲಿ ನಮ್ಮಪ್ಪ ಒಂದು ತಪ್ಪು ಮಾಡಿದ. ಅದನ್ನು ನೇಕಾರನಲ್ಲದೆ ಬೇರೆ ಯಾರೂ ಮಾಡಲಾರರು. ಆಯಿ ಎಮ್ಮೆ ಹಿಂಡುವಾಗ ಉಡುತ್ತಿದ್ದದ್ದು ನಮ್ಮದೇ ಮಗ್ಗದ ಸೀರೆ, ಹಸಿರು ಚೌಕಡಿ, ಕೆಂಪು ದಡಿ. ಎಮ್ಮೆ ಗುರುತು ಹಿಡಿದಿರುವುದು ಆ ಚೌಕಡಿಯನ್ನು ಎಂದು ಅಪ್ಪ ತೀರ್ಮಾನಿಸಿದ. ಕೈಗೆ ಸಿಕ್ಕ ಬೇರೆ ಸೀರೆ ಉಟ್ಟುಹೋದದ್ದೇ ಕಾಕಾನ ತಪ್ಪು. ಆ ದಿನಗಳಲ್ಲಿ ಒಂದು ಮಗ್ಗದ ಮೇಲೆ ಅದೇ ನಮೂನೆಯ ನೂಲು ಸುತ್ತಿದ ಬೀಮು ಏರಿತ್ತು. ಆತ ಉಳಿದ ಮಗ್ಗಗಳನ್ನು ಕಾಕಾನಿಗೆ ಬಿಟ್ಟು ಅದೊಂದರ ಮುಂದೆಯೇ ನಿಂತ. ಒಂದು ಎಳೆ ಕಡಿಯಗೊಡಲಿಲ್ಲ, ದಡಿಯಲ್ಲಿ ಒಂದು ಗೆರೆ ಹೆಚ್ಚುಕಡಿಮೆ ಆಗಗೊಡಲಿಲ್ಲ. ಮದುವೆಯ ಸೀರೆಗೂ ಆತ ಅಷ್ಟು ನಿಗಾ ಕೊಟ್ಟದ್ದನ್ನು ನಾನು ನೋಡಿಲ್ಲ. ಅರಿವೆಯನ್ನು ನಂಬಿ ಬದುಕಿದ ಮನುಷ್ಯ, ಲೋಕವೆಲ್ಲ ಅರಿವೆ ನೋಡಿಯೇ ನಡೆಯುತ್ತದೆ ಎಂದು ತಿಳಿದಿದ್ದ. ಸೀರೆ ಇಳಿಸಿ, ತಾನೇ ಸುತ್ತಿಕೊಂಡು, ಗಂಭೀರವಾಗಿ ಹಿತ್ತಲಿಗೆ ಹೋದ. ಬೆಳ್ಳಿ ಈ ಸಲ ಒದೆಯಲಿಲ್ಲ. ಸೀರೆಯನ್ನು ಮೂಸಿತು. ಅಪ್ಪ ನಮ್ಮ ಕಡೆ ತಿರುಗಿ, ನೋಡಿದಿರಾ ಎಂಬಂತೆ ಹುಬ್ಬು ಹಾರಿಸಿದ. ಅಷ್ಟರಲ್ಲಿ ಬೆಳ್ಳಿ ಹೊಸ ನೂಲಿನ ಗಂಜಿಯ ರುಚಿ ಹತ್ತಿ ಸೆರಗನ್ನು ಬಾಯಿಗೆ ಎಳೆದುಕೊಂಡು ಮೇಯಲು ಶುರುಮಾಡಿತು. ಅಪ್ಪ ಅತ್ತ ಎಳೆದ, ಎಮ್ಮೆ ಇತ್ತ ಎಳೆಯಿತು. ಗೆದ್ದದ್ದು ಎಮ್ಮೆ.

ಓಣಿಯವರು ನಕ್ಕರು, ನಾವೂ ನಕ್ಕೆವು. ಅಪ್ಪ ನಗಲಿಲ್ಲ. ಮರುದಿನ ಲೋಕಾಪುರದ ಒಬ್ಬ ದನದ ದಲಾಲನಿಗೆ ಹೇಳಿಕಳಿಸಿದ. ಮುಧೋಳದ ಸಂತೆಗೆ ಹೊಡೆದುಕೊಂಡು ಹೋಗಲಿ, ಕೆಚ್ಚಲು ಬಾತು ಎಮ್ಮೆ ಕೆಡುವುದಕ್ಕಿಂತ ಅದು ಒಳ್ಳೆಯದು ಎಂದು ಆತನ ಲೆಕ್ಕ. ಬುದ್ಧಿಗೆ ತಪ್ಪೇನೂ ಕಾಣದ ಲೆಕ್ಕವೇ ಅದು. ಆದರೆ ಆ ಭಾನುವಾರ ಅವ್ವನೊಡನೆ ನಾನು ಬಸ್ಸು ಹತ್ತಿ ಜಮಖಂಡಿಗೆ ಹೋದಾಗ ಆಯಿ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು, ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು:

"ನನ್ನ ಬಿಟ್ಟ ಆಕಿ ಯಾರಿಗೂ ಹಾಲ ಕೊಡೂದಿಲ್ಲ. ನಾ ಬರೂತನಾ ಹಾದಿ ಕಾಯತಾಳ."

ಅವ್ವ ನನ್ನ ಕಡೆ ನೋಡಿದಳು. ದಲಾಲನ ವಿಷಯ ಬಾಯಿಬಿಡಬೇಡ ಎಂಬ ನೋಟ ಅದು. ನಾನು ಬಾಯಿಬಿಡಲಿಲ್ಲ. ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ಒಂದೇ ಯೋಚನೆ. ಆಯಿ ಕೋಲೂರಿಕೊಂಡು ಹಿತ್ತಲಿಗೆ ಬಂದಾಗ ಗ್ವಾದಲಿ ಖಾಲಿಯಿದ್ದರೆ ಆಕೆಯ ಮುಖ ಹೇಗಾದೀತು? ಆ ಮುಖವನ್ನು ನಾನು ನೋಡಲಾರೆ ಎನಿಸಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ಎಮ್ಮೆಯ ಮನಸ್ಸಿನಲ್ಲಿ ಏನಿದೆ ಎಂದು ಇಷ್ಟು ಜನ ದೊಡ್ಡವರಿಗೆ ತಿಳಿಯಬಾರದೇ ಎಂಬ ಸಿಟ್ಟು. ನನ್ನ ವಿದ್ಯೆಯೆಲ್ಲ ಶುರುವಾದದ್ದು ಆ ಸಿಟ್ಟಿನಿಂದಲೇ.

ಒಂದು ಸಂಜೆ ಅವ್ವ ಮತ್ತೊಮ್ಮೆ ನೋಡೋಣವೆಂದು ಚರಿಗೆ ಹಿಡಿದು ಕೂತಿದ್ದಳು. ತನ್ನದೇ ಸೀರೆಯಲ್ಲಿ, ಯಾವ ವೇಷವೂ ಇಲ್ಲದೆ. ನಾನು ಬೆಳ್ಳಿಯ ಮುಂದೆ ಹಿಂಡಿಯ ಬುಟ್ಟಿ ಹಿಡಿದು ನಿಂತಿದ್ದೆ. ಮಗ್ಗಗಳು ಓಡುತ್ತಿದ್ದವು. ಆಯಿ ಜೀಪು ಹತ್ತಿದ ದಿನದಿಂದಲೇ ಕಾಕಾ ಆಕೆಯ ಕಟ್ಟಳೆಯನ್ನು ಬಿಟ್ಟಿದ್ದ. ಅವ್ವ ದೀಪ ಹಚ್ಚುತ್ತಿದ್ದಳು, ಮಗ್ಗ ನಿಲ್ಲುತ್ತಿರಲಿಲ್ಲ. ಹಾಗಿರುವಾಗ ಕರೆಂಟು ಹೋಯಿತು. ನಮ್ಮ ಮನೆಯವಷ್ಟೇ ಅಲ್ಲ, ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಬೆಳ್ಳಿ ಬಾಯಾಡಿಸುವುದನ್ನು ನಿಲ್ಲಿಸಿತು. ಅದರ ಕಿವಿಗಳು ಮುಂದಕ್ಕೆ ಬಂದವು, ಆಮೇಲೆ ಸಡಿಲವಾಗಿ ಜೋತುಬಿದ್ದವು. ಹಿಂಗಾಲು ಸ್ವಲ್ಪ ಅಗಲ ಮಾಡಿ ನಿಂತು ಅದು ಮತ್ತೆ ಮೆಲುಕು ಹಾಕತೊಡಗಿತು. ಚರಿಗೆಯಲ್ಲಿ ಸರ್ರೆಂದು ಸದ್ದು ಕೇಳಿತು. ಅವ್ವ ಒಂದು ಕೈಯಿಂದ ಹಿಂಡುತ್ತ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು.

ಅಂದು ಊಟದ ಹೊತ್ತಿಗೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಅವ್ವ ತಾನು ಬಸವಣ್ಣನ ಗುಡಿಗೆ ಹರಕೆ ಹೊತ್ತದ್ದು ಫಲಿಸಿತು ಎಂದಳು. ಕಾಕಾ ತಾನು ತಂದ ಹೊಸ ಹಿಂಡಿಯ ಗುಣ ಎಂದ. ಅಪ್ಪ, ಚೌಕಡಿ ಸೀರೆ ಹೊಟ್ಟೆಗೆ ಹೋದ ಮೇಲಾದರೂ ಎಮ್ಮೆಗೆ ಗುರುತು ಹತ್ತಿರಬೇಕು ಎಂದ. ಆತ ಚೇಷ್ಟೆ ಮಾಡಿದ್ದಲ್ಲ. ನಾನು ಹೇಳಿದೆ:

"ಮಗ್ಗ ನಿಂತಿದ್ವು, ಅದಕ್ಕ ಕೊಟ್ಲು."

"ಮಗ್ಗಕ್ಕೂ ಎಮ್ಮಿಗೂ ಏನ ಸಂಬಂಧ ಬೇ?" ಎಂದ ಅಪ್ಪ. "ಈ ಮನ್ಯಾಗ ಹುಟ್ಟಿದ ಎಮ್ಮಿ ಅದು. ಹುಟ್ಟಿದಾಗಿಂದ ಮಗ್ಗದ ಸಪ್ಪಳಾ ಕೇಳೇತಿ. ಸಪ್ಪಳಕ್ಕ ಅಂಜತೈತೇನ?"

ಮರುದಿನ ಮಗ್ಗ ಓಡುತ್ತಿರುವಾಗ ಅವ್ವ ಕೂತಳು, ಹಾಲು ಇಳಿಯಲಿಲ್ಲ. ಹರಕೆ ಅದೇ ಇತ್ತು, ಹಿಂಡಿ ಅದೇ ಇತ್ತು, ಹೊಟ್ಟೆಯಲ್ಲಿ ಸೀರೆಯೂ ಇತ್ತು. ಆದರೂ ಯಾರೂ ನನ್ನ ಮಾತು ಕೇಳಲಿಲ್ಲ. ದಲಾಲ ನಾಳೆ ಬರುವನಿದ್ದ. ಆ ಸಂಜೆ ಅವ್ವ ಕೊನೆಯ ಸಲವೆಂದು ಹಿತ್ತಲಲ್ಲಿ ಕೂತಾಗ ನಾನು ಮಗ್ಗದ ಮನೆಗೆ ಹೋಗಿ, ಸ್ಟೂಲು ಹತ್ತಿ, ದೊಡ್ಡ ಸ್ವಿಚ್ಚನ್ನು ಕೆಳಗೆಳೆದೆ. ಮಗ್ಗದ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ನಡುವೆ ಹೀಗೆ ನಿಂತರೆ ಅರಿವೆಯಲ್ಲಿ ಅಡ್ಡಪಟ್ಟಿ ಬೀಳುತ್ತದೆ, ಎಳೆ ಕಡಿಯುತ್ತವೆ. ಅಪ್ಪ ನನ್ನ ಹಿಂದೆ ಓಡಿ ಬಂದ. ನಾನು ಹಿತ್ತಲಿಗೇ ಓಡಿದೆ. ಆತ ಕೈ ಎತ್ತಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಅವ್ವನ ಚರಿಗೆಯಲ್ಲಿ ನೊರೆ ಎದ್ದಿತ್ತು.

ಅಪ್ಪನ ಬಗ್ಗೆ ನನಗೆ ಹೆಮ್ಮೆ ಅನಿಸುವುದು ಅದರ ಮುಂದಿನ ಗಳಿಗೆಗಾಗಿ. ಆತ ಕೈ ಇಳಿಸಿ, ಸ್ವಲ್ಪ ಹೊತ್ತು ಎಮ್ಮೆಯನ್ನು ನೋಡಿ ಹೇಳಿದ:

"ತಡಿ. ನಾ ಹೋಗಿ ಹಚ್ಚತೀನಿ. ಏನ ಮಾಡತಾಳ ನೋಡ್ರಿ."

ಮಗ್ಗ ಶುರುವಾದವು, ಬೆಳ್ಳಿಯ ಬೆನ್ನು ಬಿಗಿಯಿತು, ಹಾಲು ನಿಂತಿತು. ಆತ ಆರಿಸಿದ, ನಿಧಾನವಾಗಿ ಇಳಿಯಿತು. ಮರುದಿನ ಬೆಳಿಗ್ಗೆ ಅವ್ವನ ಬದಲು ಕಾಕಾನನ್ನು ಬರೀ ಲುಂಗಿಯಲ್ಲಿ ಕೂರಿಸಿದ. ಮಗ್ಗ ನಿಂತಿದ್ದವು, ಎಮ್ಮೆ ಕೊಟ್ಟಿತು. ಆಮೇಲೆ ನನ್ನನ್ನು ಸಾಲೆಯ ನೀಲಿ ಲಂಗದಲ್ಲೇ ಕೂರಿಸಿದ. ನನ್ನ ಹಸಿ ಕೈಗೂ ಕೊಟ್ಟಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂಬ ಪಾಠವನ್ನು ನನಗೆ ಯಾವ ಪ್ರೊಫೆಸರೂ ಮೊದಲು ಹೇಳಿಕೊಡಲಿಲ್ಲ. ಅರಿವೆಯಲ್ಲಿ ಎಲ್ಲಿ ದೋಷ ಬೀಳುತ್ತಿದೆ ಎಂದು ಹುಡುಕುವಾಗ ನೇಕಾರ ಹಾಗೆಯೇ ಮಾಡುತ್ತಾನೆ. ಬೆಳ್ಳಿ ಸಪ್ಪಳಕ್ಕೆ ಅಂಜುತ್ತಿರಲಿಲ್ಲ, ಅಪ್ಪ ಹೇಳಿದ್ದು ಸರಿಯೇ. ಅದು ಕಲಿತದ್ದು ಬೇರೆ. ಮಗ್ಗ ನಿಂತಿತೆಂದರೆ ಇನ್ನು ಹಾಲಿನ ಹೊತ್ತು ಎಂದು ಕಲಿತಿತ್ತು. ಮಧ್ಯಾಹ್ನ ಲೋಕಾಪುರದಿಂದ ಬಂದ ದಲಾಲನನ್ನು ಅಪ್ಪ ಕಟ್ಟೆಯ ಮೇಲೆ ಕೂರಿಸಿ, ಗಟ್ಟಿ ಹಾಲಿನ ಚಹಾ ಕುಡಿಸಿ, ಬರಿಗೈಯಲ್ಲಿ ಕಳಿಸಿದ.

ಈ ಕಥೆಯನ್ನು ನಾನು ಬಹಳ ಸಲ ಹೇಳಬೇಕಾಗುತ್ತದೆ. ನಾನು ಪಶುವೈದ್ಯಕೀಯ ಓದಿ, ಆಮೇಲೆ ಪ್ರಾಣಿಗಳ ನಡವಳಿಕೆಯ ಕಡೆ ಹೊರಳಿದವಳು. ಪ್ರಾಣಿ ಮನುಷ್ಯನನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆ, ಮನುಷ್ಯ ಪ್ರಾಣಿಯನ್ನು ಹೇಗೆ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾನೆ ಎಂಬುದೇ ನನ್ನ ಪಾಠ. ಹೋದ ರಜೆಯಲ್ಲಿ ನಾನು ಜಮಖಂಡಿಯ ಅತ್ತೆಯ ಮನೆಗೆ ಬಂದಾಗ ಹಿಪ್ಪರಗಿಯ ರೈತರೊಬ್ಬರು ಬೈಕಿನ ಹಿಂದೆ ಮಗಳನ್ನು ಕೂರಿಸಿಕೊಂಡು ಮನೆಗೇ ಬಂದರು. ಹುಡುಗಿಗೆ ಈ ವಿಷಯ ಓದಬೇಕಂತೆ. ತಂದೆಗೆ ಒಂದೇ ಪ್ರಶ್ನೆ.

"ದನದ ಡಾಕ್ಟರ್ ಆಗತೀನಿ ಅಂದ್ರ ತಿಳೀತೈತ್ರಿ ಮೇಡಂ. ಇದನ್ನ ಕಲತ್ರ ಏನ ಆಗತಾಳ್ರಿ? ನೌಕರಿ ಎಲ್ಲೈತ್ರಿ?"

"ನಿಮ್ಮ ಕಬ್ಬಿನ್ಯಾಗ ಚಿರತಿ ಬಂದೈತಿ ಅಂತ ಯಾವಾಗರ ಗದ್ದಲ ಆಗೇತೇನ್ರಿ?" ಎಂದು ನಾನು ಕೇಳಿದೆ.

"ಆಗೇತ್ರಿ. ಊರೆಲ್ಲಾ ಬಡಿಗಿ ಹಿಡಕೊಂಡ ಹೊಂಟಿತ್ತು."

"ಅವತ್ತ ಚಿರತಿ ಹಿಡಿಯವರಕಿಂತಾ ಊರ ಮಂದಿನ್ನ ಸುಮ್ನ ಕುಂಡ್ರಸವರು ಬೇಕಾಗಿತ್ತಿಲ್ಲರಿ? ಅದೊಂದು ನೌಕರಿ. ನನ್ನ ಕಡೆ ಕಲತ ಹುಡುಗ ಒಬ್ಬಾಂವ ಅದನ್ನ ಮಾಡತಾನ."

ಅವರು ನಕ್ಕರು, ಆದರೆ ಎದ್ದು ಹೋಗಲಿಲ್ಲ. ನಾನು ಬೆಳ್ಳಿಯ ಈ ಕಥೆಯನ್ನೂ, ಉಳಿದದ್ದನ್ನೂ ಹೇಳಿದೆ. ಬೀಳಗಿಯ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಾಣಿಸಂಗ್ರಹಾಲಯದಲ್ಲಿದ್ದಾಳೆ. ರಕ್ತ ತೆಗೆಯಬೇಕಾದಾಗ ಹುಲಿ ತಾನಾಗಿ ಕಂಬಿಗೆ ಬಂದು ಬಾಲ ಕೊಡುವಂತೆ ಕಲಿಸಿದ್ದಾಳೆ. ಮುಧೋಳದ ಹುಡುಗನೊಬ್ಬ ನಾಯಿ ಸಾಕುವ ಮನೆತನದಿಂದ ಬಂದವ. ಈಗ ಕಾವಲು ನಾಯಿಗಳ ತರಬೇತಿ ಆತನ ಕೆಲಸ. ನಾಯಿಗೆ ಹೇಳಿಕೊಡುವುದು ಸುಲಭ, ಹಗ್ಗ ಹಿಡಿದವನಿಗೆ ಹೇಳಿಕೊಡುವುದೇ ತಲೆನೋವು ಎಂದು ಫೋನಿನಲ್ಲಿ ಅಳುತ್ತಾನೆ. ಇನ್ನೊಬ್ಬಳು ಮನಃಶಾಸ್ತ್ರ ಓದಿ ಬಂದವಳು. ಮಾತು ಬಾರದ ಮಕ್ಕಳ ಶಾಲೆಗೆ ಒಂದು ಮುದಿ ನಾಯಿಯನ್ನು ಕರೆದುಕೊಂಡು ಹೋಗುತ್ತಾಳೆ, ಮಕ್ಕಳು ಅದರ ಕಿವಿಯಲ್ಲಿ ಮಾತಾಡುತ್ತಾರೆ. ದೊಡ್ಡ ಹೈನುಗಾರಿಕೆಯವರು ಹಾಲು ಕಡಿಮೆಯಾದರೆ ಮೇವಿನವರನ್ನು ಕರೆಯುತ್ತಾರೆ, ಔಷಧದವರನ್ನು ಕರೆಯುತ್ತಾರೆ, ಕೊನೆಗೆ ನಮ್ಮನ್ನು ಕರೆಯುತ್ತಾರೆ. ಸರ್ಕಾರಿ ಹುದ್ದೆ ಇದರಲ್ಲಿ ಕಡಿಮೆ, ಅದನ್ನೂ ಮುಚ್ಚಿಡಲಿಲ್ಲ. ಮೊದಲು ಪ್ರಾಣಿಶಾಸ್ತ್ರವನ್ನೋ ಪಶುವೈದ್ಯಕೀಯವನ್ನೋ ಮನಃಶಾಸ್ತ್ರವನ್ನೋ ಗಟ್ಟಿಯಾಗಿ ಓದಬೇಕು, ಆಮೇಲೆ ಬಿಸಿಲಲ್ಲಿ ಕೂತು ಗಂಟೆಗಟ್ಟಲೆ ಸುಮ್ಮನೆ ನೋಡಬೇಕು. ಪ್ರಾಣಿ ಎಂದರೆ ಮುದ್ದು ಎಂದು ಬಂದವರು ಬಹಳ ದಿನ ನಿಲ್ಲುವುದಿಲ್ಲ, ಜನರ ಸಹವಾಸ ಬೇಡವೆಂದು ಬಂದವರಂತೂ ನಿಲ್ಲುವುದೇ ಇಲ್ಲ. ಈ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಜನರದೇ ಸಹವಾಸ. ಹೊರಡುವಾಗ ಹುಡುಗಿ ಕೇಳಿದಳು:

"ನಿಮ್ಮ ಆಯಿಗೆ ಖರೇ ಹೇಳಿದ್ರೇನ್ರಿ ಮೇಡಂ?"

ಇಷ್ಟು ವರ್ಷ ಈ ಕಥೆ ಹೇಳಿದ್ದೇನೆ, ಆ ಪ್ರಶ್ನೆ ಕೇಳಿದವಳು ಆಕೆಯೊಬ್ಬಳೇ. ಆಕೆ ಈ ವಿದ್ಯೆಗೆ ತಕ್ಕವಳು ಎಂದು ನಾನು ಆಗಲೇ ತಂದೆಗೆ ಹೇಳಿದೆ.

ಹೇಳಿದೆ. ಆಯಿಗೆ ನಿಜ ಹೇಳದೆ ಇರುವುದು ನನ್ನ ಸ್ವಭಾವದಲ್ಲಿಲ್ಲ. ಆಯಿ ಮರಳಿ ಬರುವ ಹಿಂದಿನ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದ್ದಳು:

"ಮಗ್ಗದ ಸುದ್ದಿ ಆಯಿ ಮುಂದ ತಗೀಬ್ಯಾಡ. ಬೆಳ್ಳಿ ನನ್ನ ಸಲುವಾಗಿ ಹಾಲ ಹಿಡದಾಳ ಅಂತ ಮುದಿಕಿ ಅಷ್ಟ ಸಮಾಧಾನಲೆ ಮಲಗ್ಯಾಳ. ಅದನ್ನ ಯಾಕ ಕಸಗೋತಿ?"

ಆಯಿ ಕೋಲೂರಿಕೊಂಡು ಬಂದಳು. ಕೈಕಾಲು ತೊಳೆದು, ಸಂಜೆಯ ದೀಪ ತಾನೇ ಹಚ್ಚಿ, ನೇರ ಹಿತ್ತಲಿಗೆ ನಡೆದಳು. ಬೆಳ್ಳಿ ಆಕೆಯ ಕೈ ಮೂಸಿ, ಒರಟು ನಾಲಗೆಯಿಂದ ಮೊಣಕೈ ತನಕ ನೆಕ್ಕಿತು. ಆಯಿಯ ಕಣ್ಣು ತುಂಬಿದವು. ಆದರೆ ಕಾಲು ಮಡಚಿ ಮಣೆಯ ಮೇಲೆ ಕೂರುವುದು ಆಕೆಗೆ ಇನ್ನು ಆಗುವ ಮಾತಾಗಿರಲಿಲ್ಲ. ಕಾಕಾ ಮಗ್ಗ ನಿಲ್ಲಿಸಿದ್ದ. ನಾನು ಹೋಗಿ ಕೂತು ಹಿಂಡತೊಡಗಿದೆ. ಹಾಲು ಇಳಿಯಿತು. ಆಯಿ ಕೋಲಿನ ಮೇಲೆ ಎರಡೂ ಕೈಯಿಟ್ಟು ನೋಡುತ್ತ ನಿಂತಳು.

"ಯಾರಿಗೂ ಕೊಡವಲ್ಲಳು ಅಂತಿದ್ರಿ," ಎಂದಳು.

ನಾನು ಎಲ್ಲ ಹೇಳಿದೆ. ಕರೆಂಟು ಹೋದದ್ದು, ಸ್ವಿಚ್ಚು ಎಳೆದದ್ದು, ಅಪ್ಪನ ಪರೀಕ್ಷೆ, ಸಾಲೆಯ ಲಂಗ. ಗೆದ್ದವಳ ಹುರುಪು ನನಗೆ. ಕೊನೆಗೆ, ಅವ್ವ ಕಣ್ಣಲ್ಲೇ ತಡೆಯುತ್ತಿದ್ದರೂ, ಹೇಳಿಬಿಟ್ಟೆ:

"ನಿನಗ ಅಲ್ಲ ಆಯಿ, ಮಗ್ಗ ನಿಂತದ್ದಕ್ಕ ಆಕಿ ಹಾಲ ಕೊಡತಿದ್ಲು."

ಆಯಿ ಬೇಸರ ಮಾಡಿಕೊಳ್ಳಲಿಲ್ಲ. ಗ್ವಾದಲಿಯ ಕಲ್ಲಿನ ಮೇಲೆ ಕೋಲು ಒರಗಿಸಿ, ಮೆಲ್ಲಗೆ ಅದರ ಅಂಚಿಗೆ ಕೂತಳು.

"ಎಮ್ಮಿನ್ನ ಪರೀಕ್ಷಾ ಮಾಡಿದ್ರಿ. ಛಲೋ ಆತು. ನಾ ಮಗ್ಗ ಯಾಕ ನಿಲ್ಲಸ್ತಿದ್ನಿ, ಅದನ್ನ ಕೇಳಿದ್ರೇನ?"

"ದೀಪಾ ಹಚ್ಚೂ ಹೊತ್ತು. ಲಕ್ಷ್ಮಿ ಬರೂ ಹೊತ್ತು."

"ಲಕ್ಷ್ಮಿಗೆ ಮಗ್ಗದ ಸಪ್ಪಳಾ ಏನ ಮಾಡತೈತಿ ಬೇ? ನೇಕಾರರ ಮನಿಗೆ ಮಗ್ಗ ಓಡಿದ್ರನ ಆಕಿ ಬರೂದು." ಆಕೆ ಬೆಳ್ಳಿಯ ಕೊಂಬಿನ ಬುಡ ತುರಿಸಿದಳು. "ನಾ ಈ ಮನಿಗೆ ಬಂದಾಗ ಕೈಮಗ್ಗ ಇದ್ವು. ಕರೆಂಟಿನ ಮಗ್ಗ ಬಂದ ಮ್ಯಾಲೆ ನನ್ನ ಮನಸಿನ್ಯಾಗಿನ ಮಾತ ನನಗ ಕೇಳದಂಗಾತು. ಸುಮ್ನ ಕುಂಡ್ರಬೇಕ ಅನಸೇತಿ, ಮಗ್ಗ ನಿಲ್ಲಸ್ರಿ ಅಂದಿದ್ರ ಈ ಮನ್ಯಾಗ ಯಾರ ನಿಲ್ಲಸ್ತಿದ್ರು? ಲಕ್ಷ್ಮಿ ಹೆಸರ ಹೇಳಿದ್ನಿ, ನಿಲ್ಲಸಿದ್ರು. ಅಷ್ಟೊತ್ತ ಇಲ್ಲಿ ಬಂದ ಈಕಿ ಹಂತೇಕ ಕುಂಡ್ರತಿದ್ನಿ. ಹಾಲ ಹಿಂಡೂದು ಒಂದು ನೆವ. ಆ ಹೊತ್ತಿನ್ಯಾಗ ಅಷ್ಟ ನನ್ನ ಕೈ ಮೆತ್ತಗಾಗತಿತ್ತು. ಈಕಿ ಅದನ್ನ ಕಲತಾಳ."

ನನ್ನ ಕೈ ನಿಂತಿತು. ಅಲ್ಲಿ ಇಬ್ಬರಿದ್ದರು, ಎಮ್ಮೆ ಮತ್ತು ಆಯಿ. ನಾವೆಲ್ಲ ಎಮ್ಮೆಯನ್ನಷ್ಟೇ ನೋಡಿದ್ದೆವು. ಇಂದಿಗೂ ಯಾವುದೇ ಕೊಟ್ಟಿಗೆಗೆ, ಬೋನಿಗೆ, ತರಬೇತಿಯ ಮೈದಾನಕ್ಕೆ ಹೋದರೂ ಪ್ರಾಣಿಯನ್ನು ನೋಡುವ ಮೊದಲು ಅದರ ಪಕ್ಕದಲ್ಲಿ ನಿಂತ ಮನುಷ್ಯರನ್ನು ನೋಡುತ್ತೇನೆ. ಅಂದು ನಾನು ತಲೆಯೆತ್ತಿದಾಗ ಹಿತ್ತಲ ಬಾಗಿಲಲ್ಲಿ ಅಪ್ಪ ನಿಂತಿದ್ದ. ಮನೆಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ, ತಾಯಿ ಹೇಳಿದ್ದೆಲ್ಲ ಆತನಿಗೆ ಕೇಳಿಸಿತ್ತು. ಆತ ಒಳಗೆ ಹೋದ.

ಆಯಿಯ ಆ ಹೊತ್ತು ಇನ್ನು ಹೋದೀತೆಂದು ಅವ್ವನಿಗೆ ಭಯವಾದದ್ದು ಆಮೇಲೆ. ಲಕ್ಷ್ಮಿಯ ನೆವ ಅಂದೇ ಮುಗಿದಿತ್ತು, ಮಗ್ಗ ನಿಲ್ಲಲು ಇನ್ನು ಉಳಿದದ್ದು ಹಾಲಿನ ನೆವ ಒಂದೇ. ಬೆಳ್ಳಿ ಹಾಲು ಕೊಡುವ ತನಕ ನಡೆಯಿತು. ಆಮೇಲೆ ಬೆಳ್ಳಿ ಗಬ್ಬವಾಯಿತು, ತಿಂಗಳು ತುಂಬುತ್ತ ಬಂದಂತೆ ಹಾಲು ಕಡಿಮೆಯಾಗಿ ಬತ್ತಿತು. ಹಿಂಡುವ ಕೆಲಸ ಇಲ್ಲದ ಮೊದಲ ಸಂಜೆ ಅವ್ವ ದೀಪ ಹಚ್ಚಿದಳು. ಮಗ್ಗಗಳು ಓಡುತ್ತಿದ್ದವು. ಕಾಕಾ ಅಭ್ಯಾಸದಿಂದ ಎದ್ದು ನಿಂತು, ಅರ್ಧದಲ್ಲೇ ನೆನಪಾಗಿ ಅಪ್ಪನನ್ನು ಕೂಗಿ ಕೇಳಿದ:

"ಅಣ್ಣಾ, ಇನ್ನ ಮಗ್ಗ ಓಡಲ್ಯಾ?"

ಅಪ್ಪ ನನ್ನ ಕಡೆ ತಿರುಗಿದ.

"ಆಯಿ ಹಿತ್ತಲಕ್ಕ ಹೋಗಿ ಕುಂತಾಳೇನ ನೋಡ ಬೇ."

ನಾನು ಇಣುಕಿ ನೋಡಿದೆ. ಆಯಿ ಗ್ವಾದಲಿಯ ಅಂಚಿನಲ್ಲಿ, ಬೆಳ್ಳಿಯ ಬೆನ್ನಿನ ಮೇಲೆ ಕೈಯಿಟ್ಟು ಕೂತಿದ್ದಳು. ಹೂಂ ಎಂದೆ. ಅಪ್ಪ ಒಂದೊಂದಾಗಿ ನಾಲ್ಕೂ ಮಗ್ಗ ನಿಲ್ಲಿಸಿದ.